ಬಲೆ, ಬ್ಯಾಟು, ಬತ್ತಿ: ಮನೆಯೊಳಗೆ ಹಾರುವ ಹುಳಕ್ಕೆ ಯಾವುದು ಸರಿ?

ಅಮ್ಮ ಊರಿಂದ ಮೈಸೂರಿಗೆ ಬಂದಾಗಲೆಲ್ಲ ನಮ್ಮಿಬ್ಬರಿಗೂ ಒಂದು ಜಗಳ ಇದ್ದೇ ಇರುತ್ತಿತ್ತು. ಸಂಜೆ ದೀಪ ಹಚ್ಚಿ ಅವಳು ತಲೆಬಾಗಿಲು ತೆರೆದಿಡುತ್ತಾಳೆ. ಲಕ್ಷ್ಮಿ ಬರುವ ಹೊತ್ತು, ಬಾಗಿಲು ಹಾಕಬಾರದು. ನಾನು ಅವಳ ಹಿಂದೆಯೇ ಹೋಗಿ ಹಾಕುತ್ತೇನೆ. ಸೊಳ್ಳೆ ಬರುವ ಹೊತ್ತೂ ಅದೇ ಅಲ್ವಾ?

ಈ ಜಗಳ ಮುಗಿಸಲು ನಾವು ಏನೆಲ್ಲ ಕೊಂಡಿದ್ದೇವೆ! ಬತ್ತಿ, ಲಿಕ್ವಿಡ್, ಎರಡು ಬ್ಯಾಟು, ನೀಲಿ ದೀಪದ ಪೆಟ್ಟಿಗೆ, ಬೇವಿನೆಣ್ಣೆ, ಕಿಟಕಿಗೆ ಬಲೆ. ಕೆಲವು ಕೆಲಸಕ್ಕೆ ಬಂದವು, ಕೆಲವು ಅಟ್ಟ ಸೇರಿದವು. ನೀವು ಅದೇ ದಾರಿಯಲ್ಲಿ ದುಡ್ಡು ಕಳೆಯುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು

ಮೊದಲು ಹುಳ ಯಾವುದು ಅಂತ ಸರಿಯಾಗಿ ನೋಡಿ. ನಮ್ಮ ಪಕ್ಕದ ಮನೆಯವರ ಬಚ್ಚಲ ಗೋಡೆಯ ಮೇಲೆ ಸಣ್ಣ ಸಣ್ಣ ಹುಳಗಳು ಕೂರುತ್ತಿದ್ದವು. ಬೂದು ಬಣ್ಣ, ಮೈತುಂಬ ರೋಮ, ರೆಕ್ಕೆ ಅಗಲಿಸಿ ಪುಟ್ಟ ಪತಂಗದ ಹಾಗೆ. ಅವರು ಒಂದು ತಿಂಗಳು ಸೊಳ್ಳೆ ಲಿಕ್ವಿಡ್ ಹಾಕಿದರು. ಒಂದೂ ಕಡಿಮೆಯಾಗಲಿಲ್ಲ. ಅದು ಸೊಳ್ಳೆಯೇ ಆಗಿರಲಿಲ್ಲ, ಮೋರಿ ನೊಣ. ಕಚ್ಚುವುದಿಲ್ಲ. ನೀರು ಹೋಗುವ ಪೈಪಿನ ಒಳಗೋಡೆಗೆ ಲೋಳೆ ಅಂಟಿರುತ್ತದಲ್ಲ, ಅಲ್ಲಿ ಮೊಟ್ಟೆ ಇಡುತ್ತದೆ. ಉದ್ದನೆಯ ಬ್ರಷ್ ಹಾಕಿ ಪೈಪು ಉಜ್ಜಿ, ಬಿಸಿನೀರು ಸುರಿದರೆ ಎರಡು ವಾರದಲ್ಲಿ ಕಾಣೆ. ಇಲ್ಲಿಂದಲೇ ಬರುತ್ತಿದೆಯಾ ಅನ್ನುವ ಅನುಮಾನ ಇದ್ದರೆ ರಾತ್ರಿ ಮೋರಿ ಜಾಲರಿಯ ಮೇಲೆ ಅಂಟುಪಟ್ಟಿಯನ್ನು ಸ್ವಲ್ಪ ಸಂದಿ ಬಿಟ್ಟು ಅಂಟಿಸಿ. ಬೆಳಿಗ್ಗೆ ಅದರ ಅಡಿಯಲ್ಲಿ ಹುಳ ಸಿಕ್ಕಿಕೊಂಡಿದ್ದರೆ ಉತ್ತರ ಸಿಕ್ಕಿತು.

ಹೆಸರಿನಲ್ಲೂ ಗೊಂದಲ ಇದೆ. ಬಯಲುಸೀಮೆಯವರಿಗೆ ನುಸಿ ಅಂದರೆ ಧಾನ್ಯಕ್ಕೆ ಬೀಳುವ ಹುಳ. ಕರಾವಳಿ, ಮಲೆನಾಡಿನ ಕೆಲವು ಮನೆಗಳಲ್ಲಿ ನುಸಿ ಅಂದರೆ ಸೊಳ್ಳೆಯೇ. ಫೋನಲ್ಲಿ "ನುಸಿ ಕಾಟ, ಏನು ಮಾಡೋದು" ಅಂತ ಯಾರಾದರೂ ಕೇಳಿದರೆ, ಯಾವ ಊರಿನವರು ಅಂತ ಮೊದಲು ಕೇಳಬೇಕು.

ಸೊಳ್ಳೆಯಲ್ಲೂ ಒಂದೊಂದು ಬಗೆಯದು ಒಂದೊಂದು ಚಾಳಿ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಈಡಿಸ್ ಹಗಲು ಕಚ್ಚುತ್ತದೆ. ಬೆಳಿಗ್ಗೆ ಮತ್ತು ಕತ್ತಲಾಗುವ ಮುಂಚೆ ಜಾಸ್ತಿ. ಡೆಂಗ್ಯೂ, ಚಿಕುನ್‌ಗುನ್ಯ ಹರಡುವುದು ಇದೇ. ರಾತ್ರಿ ಕಿವಿಯ ಹತ್ತಿರ ಗುಂಯ್ ಅಂದು ನಿದ್ದೆ ಕೆಡಿಸುವುದು ಹೆಚ್ಚಾಗಿ ಕ್ಯೂಲೆಕ್ಸ್. ಚರಂಡಿ, ಸೆಪ್ಟಿಕ್ ಟ್ಯಾಂಕು ಇದರ ತವರು. ಮಲೇರಿಯಾ ಹರಡುವ ಅನಾಫಿಲಿಸ್ ಕೂಡ ರಾತ್ರಿಯದೇ. ಮಂಗಳೂರಿನಂಥ ಊರುಗಳಲ್ಲಿ ಅದು ತಾರಸಿ ಟ್ಯಾಂಕು, ಬಾವಿ, ಕಟ್ಟಡ ಕೆಲಸದ ನೀರಲ್ಲಿ ಬೆಳೆಯುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ರಾತ್ರಿ ಮಾತ್ರ ಲಿಕ್ವಿಡ್ ಹಾಕಿ ಡೆಂಗ್ಯೂ ಹೆದರಿಕೆ ಇಲ್ಲ ಅಂದುಕೊಂಡವರು ತುಂಬ ಜನ ಇದ್ದಾರೆ. ಈಡಿಸ್ ಕಚ್ಚುವುದು ನೀವು ಕಾಫಿ ಕುಡಿಯುವ ಹೊತ್ತಿಗೆ, ಮೇಜಿನ ಕೆಳಗೆ, ಕಾಲಿಗೆ.

ಕಿಟಕಿ ಬಲೆಯೋ, ಸೊಳ್ಳೆ ಪರದೆಯೋ

ನನ್ನ ಲೆಕ್ಕದಲ್ಲಿ ಮೊದಲ ದುಡ್ಡು ಹೋಗಬೇಕಾದ್ದು ಕಿಟಕಿ ಬಲೆಗೆ. ಹಗಲು ಸೊಳ್ಳೆ, ರಾತ್ರಿ ಸೊಳ್ಳೆ, ನೊಣ, ಮಳೆಹುಳ ಎಲ್ಲವನ್ನೂ ಒಟ್ಟಿಗೆ ತಡೆಯುವುದು ಇದೊಂದೇ. ಒಮ್ಮೆ ಹಾಕಿಸಿದರೆ ತಿಂಗಳು ತಿಂಗಳು ಖರ್ಚಿಲ್ಲ. ವಾಸನೆಯಿಲ್ಲ, ಹೊಗೆಯಿಲ್ಲ.

ಆದರೆ ಈ ಮಾತು ಆರ್‌ಸಿಸಿ ಮನೆಗೆ ಮಾತ್ರ. ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಗೆ ಕಿಟಕಿ ಬಲೆ ಹಾಕಿಸುವುದು ತೂತು ಕೊಡಕ್ಕೆ ಮುಚ್ಚಳ ಮಾಡಿಸಿದ ಹಾಗೆ. ಹೆಂಚಿನ ಸಂದಿ, ಗೋಡೆಗೂ ಸೂರಿಗೂ ನಡುವಿನ ತೆರವು, ಕೊಟ್ಟಿಗೆಗೆ ಹೋಗುವ ಬಾಗಿಲು, ಎಲ್ಲೆಲ್ಲೂ ದಾರಿ. ಅಂಥ ಮನೆಯಲ್ಲಿ ಗೆಲ್ಲುವುದು ಮಂಚದ ಮೇಲೆ ಕಟ್ಟುವ ಹಳೇ ಸೊಳ್ಳೆ ಪರದೆ. ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಬೇಕು. ಸುಮ್ನೆ ಇಳಿಬಿಟ್ಟರೆ ಸೊಳ್ಳೆ ಕೆಳಗಿನಿಂದ ಬಂದು ರಾತ್ರಿಯಿಡೀ ಒಳಗೇ ಊಟ ಮಾಡುತ್ತದೆ. ಕೈಯೋ ಮೊಣಕಾಲೋ ಪರದೆಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ, ಹಾಗಾಗಿ ಮಂಚಕ್ಕಿಂತ ಸ್ವಲ್ಪ ಅಗಲದ್ದೇ ತೆಗೆದುಕೊಳ್ಳಿ. ಕೊಳ್ಳುವಾಗ ಕಣ್ಣು ಎಷ್ಟು ಸಣ್ಣದು ಅಂತ ನೋಡಿ. ಚದರ ಅಂಗುಲಕ್ಕೆ 156 ಕಣ್ಣು ಇರುವುದು ಸೊಳ್ಳೆಗೆ ಸಾಕು.

ಮಲೇರಿಯಾ ಇರುವ ಕಡೆ ಆರೋಗ್ಯ ಇಲಾಖೆಯವರು ಔಷಧಿ ಸೇರಿಸಿದ ಪರದೆ ಕೊಡುತ್ತಾರೆ. ಅದು ತಡೆಯುವುದರ ಜತೆ, ಬಂದು ಕೂತ ಸೊಳ್ಳೆಯನ್ನು ಕೊಲ್ಲುತ್ತದೆ. ಸುಮಾರು ಮೂರು ವರ್ಷ ಬಾಳುತ್ತದೆ. ಬಿಸಿಲಿಗೆ ಒಣಗಿಸದೆ ನೆರಳಲ್ಲಿ ಹಾಕಬೇಕು. ತೊಳೆದ ನೀರನ್ನು ಕೆರೆಗೋ ಹಳ್ಳಕ್ಕೋ ಚೆಲ್ಲಬೇಡಿ, ಮೀನುಗಳಿಗೆ ಅದು ವಿಷ.

ಎಳೆ ಮಗು ಇರುವ ಮನೆಯಲ್ಲಿ ಬೇರೆ ಯೋಚನೆಯೇ ಬೇಡ. ಕೊಡೆಯ ಹಾಗೆ ಬಿಚ್ಚುವ ಪುಟ್ಟ ಪರದೆ ಹಗಲಿಗೂ ಆಯಿತು, ರಾತ್ರಿಗೂ ಆಯಿತು.

ಇನ್ನು ಕಿಟಕಿ ಬಲೆಯ ಬಗೆಗಳು. ಬಾಡಿಗೆ ಮನೆಯವರಿಗೆ ವೆಲ್ಕ್ರೋ ಅಂಟಿಸುವ ನೈಲಾನ್ ಬಲೆ ಸರಿ. ಗೋಡೆ ಕೊರೆಯಬೇಕಿಲ್ಲ, ಓನರ್ ಮುಖ ಗಂಟು ಹಾಕುವುದಿಲ್ಲ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ಬಿಸಿಲು ಬೀಳುವ ಕಿಟಕಿಯಲ್ಲಿ ಅಂಟು ಬೇಗ ಬಿಡುತ್ತದೆ. ನಮ್ಮ ಪಡುವಣ ಕಿಟಕಿಯದು ಎರಡನೇ ಬೇಸಿಗೆಗೇ ಜೋತುಬಿತ್ತು. ಅಂಟಿಸುವ ಮೊದಲು ಚೌಕಟ್ಟಿನ ಧೂಳು ಒರೆಸಿ ಒಣಗಿಸಿದ್ದರೆ ಇನ್ನೂ ಸ್ವಲ್ಪ ದಿನ ಬರುತ್ತಿತ್ತೇನೋ. ಬೆಕ್ಕು ಇದ್ದರೆ ನೈಲಾನ್ ಮರೆತುಬಿಡಿ.

ಸ್ವಂತ ಮನೆಯಾದರೆ ಚೌಕಟ್ಟು ಮಾಡಿಸಿ ಸ್ಟೀಲ್ ಜಾಲರಿ ಹಾಕಿಸಿ. ಇಲಿ, ಅಳಿಲು ಕಡಿಯಲಾರವು. ಸಮುದ್ರದ ಹತ್ತಿರದವರು ಮಾತ್ರ ಜಾಗ್ರತೆ. ಉಪ್ಪುಗಾಳಿಗೆ 304 ಅನ್ನುವ ಸ್ಟೀಲ್ ಕೂಡ ಕಂದು ಕಲೆ ಕಟ್ಟುತ್ತದೆ. 316 ತಡೆಯುತ್ತದೆ, ಆದರೆ ದುಬಾರಿ. ಫೈಬರ್‌ಗ್ಲಾಸ್ ಬಲೆಗೆ ತುಕ್ಕಿನ ಚಿಂತೆ ಇಲ್ಲ, ಗಟ್ಟಿತನ ಕಡಿಮೆ. ಬಾಲ್ಕನಿಗೆ ಮಡಿಕೆ ಮಡಿಕೆಯಾಗಿ ಸರಿಯುವ ಬಲೆ ಬಂದಿದೆ. ನೋಡಲು ಚಂದ. ಮಕ್ಕಳಿರುವ ಮನೆಯಲ್ಲಿ ಅದರ ದಾರ ಎಷ್ಟು ದಿನ ಬಾಳುತ್ತದೆ ಅಂತ ಹಾಕಿಸಿದವರನ್ನು ಕೇಳಿ ನೋಡಿ.

ಬಲೆ ಹಾಕಿದರೂ ಸೊಳ್ಳೆ ಬರುತ್ತಿದೆ ಅನ್ನುವವರು ಸಣ್ಣ ಸಂದಿಗಳನ್ನು ಹುಡುಕಬೇಕು. ಬಚ್ಚಲ ವೆಂಟಿಲೇಟರಿನ ಗಾಜಿನ ಪಟ್ಟಿಗಳ ನಡುವೆ, ಎಕ್ಸಾಸ್ಟ್ ಫ್ಯಾನಿನ ಸುತ್ತ, ಸರಿಯುವ ಕಿಟಕಿಯ ಹಳಿಯಲ್ಲಿ ಮಳೆನೀರು ಹೋಗಲು ಕೊರೆದ ತೂತು, ಬಾಗಿಲ ಅಡಿ. ಹೆಚ್ಚಿನವರು ನೋಡದೆ ಬಿಡುವ ಜಾಗ ಇನ್ನೊಂದಿದೆ. ಸೆಪ್ಟಿಕ್ ಟ್ಯಾಂಕಿನಿಂದ ಮೇಲೆ ಹೋಗುವ ಗಾಳಿ ಪೈಪು. ಅದರ ಬಾಯಿಗೆ ಒಂದು ತುಂಡು ಬಲೆ ಕಟ್ಟಿದರೆ ಕ್ಯೂಲೆಕ್ಸ್‌ನ ಹೆರಿಗೆ ಮನೆಗೇ ಬೀಗ ಹಾಕಿದ ಹಾಗೆ. ಹತ್ತು ನಿಮಿಷದ ಕೆಲಸ.

ಬಲೆಯಿಂದ ಗಾಳಿ ಕಡಿಮೆಯಾಗುವುದು ನಿಜ. ಧೂಳು ಕೂತರೆ ಇನ್ನೂ ಕಡಿಮೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಫ್ಯಾನನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಸೊಳ್ಳೆಗೆ ಹಾರುವ ಬಲ ಕಡಿಮೆ. ಫ್ಯಾನಿನ ಗಾಳಿಗೆ ಎದುರಾಗಿ ಬರಲು ಅದಕ್ಕೆ ಕಷ್ಟ. ನಮ್ಮ ಉಸಿರಿನ ಜಾಡು ಹಿಡಿದು ಅದು ಬರುತ್ತದಲ್ಲ, ಗಾಳಿ ಆ ಜಾಡನ್ನೂ ಚೆದುರಿಸುತ್ತದೆ. ಓದುವ ಮೇಜಿನ ಕೆಳಗೆ, ಕಾಲಿನ ಮಟ್ಟಕ್ಕೆ ಒಂದು ಟೇಬಲ್ ಫ್ಯಾನ್ ಇಟ್ಟುಕೊಂಡು ನೋಡಿ.

ಬತ್ತಿ, ಲಿಕ್ವಿಡ್, ಮುಲಾಮು

ಸೊಳ್ಳೆ ಬತ್ತಿ ಜಪಾನಿನಿಂದ ಬಂದದ್ದು. ಸೇವಂತಿಗೆಯ ಕುಲದ ಒಂದು ಹೂವಿನ ಪುಡಿಯಲ್ಲಿ ಹುಳ ಕೊಲ್ಲುವ ಗುಣ ಇದೆ. ಎಯಿಚಿರೋ ಉಯೆಯಾಮಾ ಅನ್ನುವವರು ಅದನ್ನು ಊದುಬತ್ತಿಯ ಹಾಗೆ ಕಡ್ಡಿ ಮಾಡಿದರು. ಕಡ್ಡಿ ಬೇಗ ಉರಿದು ಮುಗಿಯುತ್ತಿತ್ತು. ಸುರುಳಿ ಸುತ್ತಿದರೆ ರಾತ್ರಿಯಿಡೀ ಬರುತ್ತದಲ್ಲ ಅಂತ 1895ರಲ್ಲಿ ಹೇಳಿದವರು ಅವರ ಹೆಂಡತಿ ಯೂಕಿ.

ಈಗ ಹೂವಿನ ಪುಡಿಯ ಬದಲು ಅದೇ ಗುಣದ, ಕಾರ್ಖಾನೆಯಲ್ಲಿ ಮಾಡಿದ ಪೈರೆಥ್ರಾಯ್ಡ್‌ಗಳು ಬಂದಿವೆ. ಬತ್ತಿ, ಲಿಕ್ವಿಡ್, ಸ್ಪ್ರೇ, ಔಷಧಿ ಪರದೆ, ಬಹುಪಾಲು ಎಲ್ಲದರಲ್ಲೂ ಇದೇ ಕುಟುಂಬದ ವಿಷ. ಹೀಗಾಗಿ ಒಂದು ಕೆಲಸ ಮಾಡಲಿಲ್ಲ ಅಂತ ಇನ್ನೊಂದು ಕಂಪನಿಯದು ತಂದರೆ ಅದೇ ಅಣ್ಣನ ತಮ್ಮ ಬಂದಿರುತ್ತಾನೆ. ಎಷ್ಟೋ ಕಡೆ ಸೊಳ್ಳೆಗಳು ಇದಕ್ಕೆ ಒಗ್ಗಿಹೋಗಿವೆ.

ಬತ್ತಿಗೂ ಲಿಕ್ವಿಡ್‌ಗೂ ನಡುವೆ ಆಯ್ಕೆ ಮಾಡುವುದಾದರೆ ನಾನು ಲಿಕ್ವಿಡ್ ಅನ್ನುತ್ತೇನೆ. ಕಾರಣ ಹೊಗೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಉರಿಸಿ ನೋಡಿದ 2003ರ ಒಂದು ಅಧ್ಯಯನದ ಪ್ರಕಾರ, ಒಂದು ಬತ್ತಿ ಬಿಡುವ ಸಣ್ಣ ಹೊಗೆಕಣ 75ರಿಂದ 137 ಸಿಗರೇಟಿನಷ್ಟು. ಬಾಗಿಲು ಹಾಕಿದ ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಅದನ್ನು ಹಚ್ಚಿಟ್ಟು ಮಲಗುವುದನ್ನು ನೆನೆಸಿಕೊಳ್ಳಿ. ಉಬ್ಬಸ ಇರುವವರಿಗಂತೂ ಬೇಡವೇ ಬೇಡ. ಬತ್ತಿಗೆ ಇರುವ ಒಂದೇ ಅನುಕೂಲ, ಕರೆಂಟು ಬೇಕಿಲ್ಲ. ಜಗಲಿಯಲ್ಲಿ, ಗದ್ದೆ ಕಾಯುವ ಮಾಳದಲ್ಲಿ, ಬಯಲಲ್ಲಿ ಕೂತಾಗ ಸರಿ.

ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆಗೂ ಇದೇ ಮಾತು. ಕೊಟ್ಟಿಗೆಯಲ್ಲಿ ದನಗಳಿಗೆ ಹಾಕಿದರೆ ಅವಕ್ಕೆ ನೆಮ್ಮದಿ. ಮಲಗುವ ಕೋಣೆಯಲ್ಲಿ ಬೇಡ. ಗಿಡಮೂಲಿಕೆ ಹೊಗೆಯೂ ಹೊಗೆಯೇ. ಸೊಳ್ಳೆ ಓಡಿಸುವ ಅಗರಬತ್ತಿ ಅಂತ ಮಾರುತ್ತಾರಲ್ಲ, ಅದರಲ್ಲಿ ಎಷ್ಟೋ ಪ್ಯಾಕೆಟ್ಟುಗಳ ಮೇಲೆ ಒಳಗೆ ಏನು ಹಾಕಿದ್ದಾರೆ ಅಂತಲೇ ಇರುವುದಿಲ್ಲ. ಔಷಧಿಯ ಹೆಸರು, ಎಷ್ಟು ಪ್ರಮಾಣ, ಸಿಐಆರ್ ಅಂದರೆ ಕೇಂದ್ರ ಸರ್ಕಾರದ ಕೀಟನಾಶಕ ನೋಂದಣಿ ಸಂಖ್ಯೆ, ಇಷ್ಟೂ ಇಲ್ಲದ್ದನ್ನು ಮುಟ್ಟಬೇಡಿ.

ಲಿಕ್ವಿಡ್ ಹಾಕುವುದಕ್ಕೂ ಒಂದು ಕ್ರಮ ಇದೆ. ತಲೆಯ ಪಕ್ಕದ ಪ್ಲಗ್ಗಿಗೆ ಹಾಕಬೇಡಿ. ಗಾಳಿ ಒಳಗೆ ಬರುವ ಕಡೆ, ಮಂಚದಿಂದ ದೂರ ಇರಲಿ. ಮಲಗುವ ಅರ್ಧ ಗಂಟೆ ಮೊದಲೇ ಹಾಕಿ. ಒಂದು ಕಿಟಕಿಯಾದರೂ ಬಲೆಯೊಂದಿಗೆ ತೆರೆದಿರಲಿ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಆ ಕೋಣೆಯಲ್ಲಿ ಲಿಕ್ವಿಡ್ಡೂ ಬೇಡ, ಸ್ಪ್ರೇಯೂ ಬೇಡ. ಬೆಕ್ಕುಗಳಿಗೂ ಈ ಕುಟುಂಬದ ಔಷಧಿ ಆಗಿಬರುವುದಿಲ್ಲ.

ಮೈಗೆ ಹಚ್ಚುವ ಮುಲಾಮು ಹಗಲು ಸೊಳ್ಳೆಗೆ ಒಳ್ಳೆಯ ಉತ್ತರ. ಶಾಲೆಗೆ ಹೋಗುವ ಮಕ್ಕಳ ಕಾಲಿಗೆ ಲಿಕ್ವಿಡ್ ಕಟ್ಟಿ ಕಳಿಸಲು ಆಗುವುದಿಲ್ಲವಲ್ಲ. ಡೀಟ್, ಪಿಕಾರಿಡಿನ್ ಅನ್ನುವ ಔಷಧಿ ಇರುವವು ಕೆಲವು ಗಂಟೆ ನಿಲ್ಲುತ್ತವೆ. ನಿಂಬೆಹುಲ್ಲಿನ ಎಣ್ಣೆಯದು ಬೇಗ ಆರಿಹೋಗುತ್ತದೆ, ಪದೇ ಪದೇ ಹಚ್ಚಬೇಕು. ಎರಡು ತಿಂಗಳೊಳಗಿನ ಕೂಸಿಗೆ ಡೀಟ್ ಹಚ್ಚಬಾರದು. ಕರ್ಪೂರವನ್ನು ಬಟ್ಟಲಲ್ಲಿ ಹಾಕಿಡುವ ರೂಢಿ ಇರುವವರಿಗೆ ಒಂದು ಮಾತು. ಮಗುವಿನ ಕೈಗೆ ಸಿಗದ ಹಾಗೆ ಇಡಿ. ನುಂಗಿದರೆ ಫಿಟ್ಸ್ ಬರುತ್ತದೆ.

ಹೊಡೆಯುವ ಸಾಮಾನು

ಬ್ಯಾಟು ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಟಪ್ ಅನ್ನುವ ಸದ್ದಿಗೆ ಒಂಥರಾ ಸಮಾಧಾನ. ಕೋಣೆಯೊಳಗೆ ಉಳಿದುಕೊಂಡ ನಾಲ್ಕೈದು ಸೊಳ್ಳೆಗೆ ಅದು ಸಾಕು, ವಿಷವೂ ಇಲ್ಲ. ಹೊರಗಿನಿಂದ ಬರುತ್ತಲೇ ಇದ್ದರೆ ಮಾತ್ರ ಅದು ಮುಗಿಯದ ಟೆನಿಸ್ ಆಟ. ಬ್ಯಾಟರಿ ಪೂರ್ತಿ ಇಳಿಸಿ ತಿಂಗಳುಗಟ್ಟಲೆ ಮೂಲೆಗಿಟ್ಟರೆ ಕೆಡುತ್ತದೆ, ನಮ್ಮ ಮೊದಲನೆಯದು ಹಾಗೇ ಹೋಯಿತು. ಸ್ಪ್ರೇ ಹೊಡೆದ ಕೂಡಲೇ ಅದೇ ಕೋಣೆಯಲ್ಲಿ ಬ್ಯಾಟು ಬೀಸಬೇಡಿ, ಗ್ಯಾಸ್ ವಾಸನೆ ಬರುವಾಗಲೂ ಬೇಡ. ಕಿಡಿ ಹಾರುತ್ತದೆ.

ನೀಲಿ ದೀಪದ ಪೆಟ್ಟಿಗೆ ದುಡ್ಡು ದಂಡ. ಸೊಳ್ಳೆ ಬರುವುದು ನಮ್ಮ ಉಸಿರು, ಬೆವರು, ಮೈಬಿಸಿಗೆ. ದೀಪಕ್ಕಲ್ಲ. ಅಮೆರಿಕದ ಡೆಲವೇರ್‌ನಲ್ಲಿ ಹೊರಾಂಗಣದಲ್ಲಿಟ್ಟ ಇಂಥ ದೀಪಗಳಿಗೆ ಸಿಕ್ಕಿ ಸತ್ತ ಹುಳಗಳನ್ನು ಎಣಿಸಿದರು, 1996ರಲ್ಲಿ ಆ ಲೆಕ್ಕ ಪ್ರಕಟವಾಯಿತು. 13,789 ಹುಳಗಳಲ್ಲಿ ಕಚ್ಚುವಂಥವು ಬರೀ 31. ಉಳಿದದ್ದೆಲ್ಲ ಪಾಪದವು. ನಮ್ಮ ಪೆಟ್ಟಿಗೆಯ ತಟ್ಟೆಯಲ್ಲೂ ಪತಂಗಗಳೇ ಇದ್ದವು. ಹೋಟೆಲು, ಬೇಕರಿಯವರು ನೊಣಕ್ಕೆ ಇಡುವುದು ಬೇರೆ ವಿಷಯ.

ಕೇಳಿಸದ ಸದ್ದಿನಿಂದ ಸೊಳ್ಳೆ ಓಡಿಸುತ್ತೇವೆ ಅನ್ನುವ ಪ್ಲಗ್ಗು, ಮೊಬೈಲ್ ಆ್ಯಪ್? ಓಡುವುದಿಲ್ಲ. ಪರೀಕ್ಷೆ ಮಾಡಿ ನೋಡಿದವರೆಲ್ಲ ಹಾಗೇ ಹೇಳಿದ್ದಾರೆ.

ದುಡ್ಡು ಬೇಡದ ಆಯ್ಕೆ

ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣು ಕಂಡುಹಿಡಿದ ರೊನಾಲ್ಡ್ ರಾಸ್ ಆ ಕೆಲಸ ಮಾಡಿದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅದಕ್ಕೂ ಮುಂಚೆ, 1883ರಲ್ಲಿ, ಅವರು ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದರು. ಸೊಳ್ಳೆಗೆ ನೀರು ಸಿಗದ ಹಾಗೆ ಮಾಡಿದರೆ ಸೊಳ್ಳೆಯೇ ಕಡಿಮೆಯಾಗುತ್ತದೆ ಅನ್ನುವುದು ಅವರಿಗೆ ಹೊಳೆದದ್ದು ಆಗ.

ಈಡಿಸ್ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಲೆಕ್ಕ ಚುಕ್ತಾ. ಚೆಲ್ಲಿದರೆ ಮಾತ್ರ ಸಾಲದು, ಪಾತ್ರೆಯ ಒಳಬದಿ ಉಜ್ಜಬೇಕು. ಮೊಟ್ಟೆ ನೀರಿನ ಅಂಚಿಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತದೆ. ಎಲ್ಲೆಲ್ಲಿ ನೋಡಬೇಕು? ಫ್ರಿಜ್ಜಿನ ಹಿಂದೆ ನೀರು ಸೇರುವ ತಟ್ಟೆ, ಹೂಕುಂಡದ ಅಡಿಯ ತಟ್ಟೆ, ಮನಿಪ್ಲಾಂಟ್ ಬಾಟಲಿ, ಕೂಲರ್, ಹಿತ್ತಿಲಲ್ಲಿ ಬಿದ್ದಿರುವ ಒಳಕಲ್ಲು, ತೆಂಗಿನ ಚಿಪ್ಪು, ಹಳೇ ಟಯರು. ತೋಟದವರಾದರೆ ಅಡಿಕೆ ಹಾಳೆ, ರಬ್ಬರ್ ಮರದ ಹಾಲಿನ ಬಟ್ಟಲು.

ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ಡ್ರಮ್ಮು ಖಾಲಿ ಮಾಡಿ ಅಂದರೆ ಬೈಯುತ್ತಾರೆ, ಬೈಯುವುದು ಸರಿಯೇ. ಅಲ್ಲಿ ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ. ಬಾವಿ, ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಕೆರೆ, ಹೊಳೆಗೆ ಬಿಡಬೇಡಿ, ಅಲ್ಲಿನ ಮೀನುಗಳಿಗೆ ತೊಂದರೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ಪೇಟೆಯಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ಮಾಡಿತು.

ಅಡುಗೆಮನೆ

ಇಲ್ಲಿ ಸ್ಪ್ರೇ ಬೇಡ. ಅಷ್ಟೇ.

ಬಾಳೆಹಣ್ಣು, ಹಲಸಿನ ಹಣ್ಣಿನ ಸುತ್ತ ಹಾರುವ ಕೆಂಗಣ್ಣಿನ ಪುಟ್ಟ ಹುಳಕ್ಕೆ ಕಿಟಕಿ ಬಲೆಯೂ ಲೆಕ್ಕಕ್ಕಿಲ್ಲ. ಕೆಲವು ಆ ಕಣ್ಣಲ್ಲೇ ತೂರುತ್ತವೆ, ಕೆಲವು ಹಣ್ಣಿನ ಜತೆಗೇ ಮಾರುಕಟ್ಟೆಯಿಂದ ಬಂದಿರುತ್ತವೆ. ಲೋಟಕ್ಕೆ ಒಂದಿಷ್ಟು ವಿನೆಗರ್, ಚಿಟಿಕೆ ಸಕ್ಕರೆ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಇಡಿ. ವಾಸನೆಗೆ ಬಂದು ಕೂರುತ್ತವೆ, ಸೋಪು ಇರುವುದರಿಂದ ನೀರಿನ ಮೇಲೆ ನಿಲ್ಲಲಾರದೆ ಮುಳುಗುತ್ತವೆ. ಸೋಪು ಮರೆತರೆ ಸುಮ್ನೆ ಔತಣ ಕೊಟ್ಟ ಹಾಗೆ. ಹಸಿಕಸ ಅವತ್ತಿಂದವತ್ತು ಹೊರಗೆ ಹೋಗಲಿ. ಹಲಸು ಬಿಡಿಸಿದ ಗೂಂಜು, ಸಿಪ್ಪೆ ರಾತ್ರಿ ಒಳಗೆ ಉಳಿಯದಿರಲಿ.

ನೊಣಕ್ಕೂ ಕಸದ ಬುಟ್ಟಿಯೇ ಮೂಲ. ಮುಚ್ಚಳ ಇರುವ ಬುಟ್ಟಿ, ಅಂಟು ಹಾಳೆ, ಊಟದ ಜಾಗದಲ್ಲಿ ಜೋರು ಫ್ಯಾನ್. ಬಾಗಿಲಿಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ತೂಗುಹಾಕುವ ಅಂಗಡಿಗಳನ್ನು ನೀವೂ ನೋಡಿರಬಹುದು. ಅಂಥ ಒಂದು ಚೀಲದ ಮೇಲೇ ನೊಣ ಕೂತಿದ್ದನ್ನು ನಾನು ನೋಡಿದ್ದೇನೆ.

ಅಕ್ಕಿ, ರವೆಯ ಡಬ್ಬ ತೆರೆದಾಗ ಬೂದು ಪತಂಗ ಹಾರಿದರೆ ಅದನ್ನು ಅಟ್ಟಿಸಿಕೊಂಡು ಹೋಗಬೇಡಿ. ಬಲೆ ಕಟ್ಟಿಕೊಂಡ ಹಾಗೆ ಗಂಟು ಗಂಟಾದ ಡಬ್ಬ ಯಾವುದು ಹುಡುಕಿ ಖಾಲಿ ಮಾಡಿ. ಹೊಸ ರವೆಯನ್ನು ನಾಲ್ಕು ದಿನ ಫ್ರೀಜರಿನಲ್ಲಿ ಇಟ್ಟು ಆಮೇಲೆ ಡಬ್ಬಕ್ಕೆ ಸುರಿದರೆ ಒಳಗಿದ್ದ ಮೊಟ್ಟೆ ಸಾಯುತ್ತದೆ.

ಮಳೆಹುಳ ಮತ್ತು ಕಣಜ

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳಕ್ಕೆ ಯಾವ ಔಷಧಿಯೂ ಬೇಡ. ಅದು ರೆಕ್ಕೆ ಬಂದ ಗೆದ್ದಲು. ಮನೆಯೊಳಗಿನ ದೀಪ ಆರಿಸಿ, ಹೊರಗೊಂದು ದೀಪ ಹಚ್ಚಿ, ಅದರ ಕೆಳಗೆ ನೀರಿನ ಬೋಗುಣಿ ಇಡಿ. ಒಂದೆರಡು ಗಂಟೆಯ ಗಲಾಟೆ, ಆಮೇಲೆ ಮುಗಿಯಿತು. ಬಯಲುಸೀಮೆಯಲ್ಲಿ ಇದನ್ನು ಹಿಡಿದು ಹುರಿದು ತಿನ್ನುತ್ತಾರೆ, ಅವರಿಗೆ ಇದು ಕಾಟವಲ್ಲ, ಸುಗ್ಗಿ. ಆದರೆ ಹುಳ ಹೊರಗಿನಿಂದ ಬರದೆ ನಿಮ್ಮ ಬಾಗಿಲ ಚೌಕಟ್ಟಿನಿಂದಲೋ ಗೋಡೆಯ ಬಿರುಕಿನಿಂದಲೋ ಏಳುತ್ತಿದ್ದರೆ ಗೆದ್ದಲಿನವರನ್ನು ಕರೆಸಲೇಬೇಕು. ಒಳಗೆ ಹುತ್ತ ಕಟ್ಟಿದೆ.

ಕಿಟಕಿ ಮೇಲಿನ ಸಜ್ಜಾದ ಕೆಳಗೆ ಕಣಜದ ಗೂಡೋ ಹೆಜ್ಜೇನೋ ಕಂಡರೆ ಬೆಂಕಿ, ಸ್ಪ್ರೇ ಎರಡೂ ಬೇಡ. ಜೇನು ತೆಗೆಯುವವರನ್ನು ಕರೆಯಿರಿ. ಹೆಜ್ಜೇನು ಕಾಲ ಬಂದಾಗ ತಾನೇ ಎದ್ದು ಹೋಗುತ್ತದೆ, ಕಾಯುವ ತಾಳ್ಮೆ ಇದ್ದರೆ.

ಒಂಟಿಯಾಗಿ ಬಂದು ಗೋಡೆಗೆ, ಪ್ಲಗ್ಗಿನ ತೂತಿಗೆ ಮಣ್ಣು ಮೆತ್ತುವ ಕುಂಬಾರ ಹುಳ ಬೇರೆ. ತಾನಾಗಿ ಮೇಲೆ ಬೀಳುವುದಿಲ್ಲ. ಹಿಡಿದ ಕಂಬಳಿಹುಳಗಳನ್ನು ಗೂಡಿನೊಳಗೆ ತುಂಬಿಟ್ಟು ಮೊಟ್ಟೆ ಇಟ್ಟು ಹೋಗುತ್ತದೆ. ಅಮ್ಮ ಅದನ್ನು ಯಾವತ್ತೂ ಕೆಡವಲು ಬಿಡುವುದಿಲ್ಲ. ಗೂಡಿನಲ್ಲಿ ಹೊರಗೆ ಹೋದ ತೂತು ಕಂಡ ಮೇಲೆ ಚಾಕು ಹಾಕಿ ಕೆರೆದರೆ ಬಿಡುತ್ತದೆ. ಕಲೆ ಮಾತ್ರ ಸುಣ್ಣ ಹೊಡೆಯುವವರೆಗೂ ಇರುತ್ತದೆ.

ಅಂದ ಹಾಗೆ, ಸಂಜೆಯ ಜಗಳ ಮುಗಿದದ್ದು ತಲೆಬಾಗಿಲಿಗೆ ಮ್ಯಾಗ್ನೆಟ್ ಇರುವ ಬಲೆ ಪರದೆ ತಂದು ಅಂಟಿಸಿದ ಮೇಲೆ. ಬಾಗಿಲು ತೆರೆದೇ ಇರುತ್ತದೆ. ಲಕ್ಷ್ಮಿಗೆ ಮ್ಯಾಗ್ನೆಟ್ ಬಿಡಿಸಲು ಬರುತ್ತದಾ ಅಂತ ಅಮ್ಮ ಎರಡು ದಿನ ಅನುಮಾನಪಟ್ಟಳು. ಮೂರನೇ ದಿನ ತಾನೇ ಊರಿನ ಮನೆಯ ಬಾಗಿಲಿನ ಅಳತೆ ಕಳಿಸಿದಳು. ಹೆಂಚಿನ ಮನೆಗೆ ಅದು ದಂಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.